ಮಾವ ಮಾಡಿದ ಆಯಿಲ್ ಪ್ಯಾನು

ಮಾವ ಗೋಣಿಚೀಲ ಬಿಚ್ಚಿ, ಎಂಜಿನ್ನಿನ ತಳಕ್ಕೆ ಕೂರಿಸುವ ಆಯಿಲ್ ಪ್ಯಾನನ್ನು ಬೆಂಚಿನ ಮೇಲೆ ಇಟ್ಟಾಗ ಸೊಸೆಗೆ ಮೊದಲು ಕಂಡಿದ್ದು ಬೆಸುಗೆ. ಎಂಥ ಬೆಸುಗೆ! ಅವಳು ತನ್ನ ರೇಸ್ ದೋಣಿಗೆಂದು ಅಂಗಡಿಯಿಂದ ತಂದು ಪಕ್ಕದಲ್ಲಿಟ್ಟಿದ್ದ ಪ್ಯಾನು ಅದರ ಮುಂದೆ ಸಪ್ಪೆಯಾಗಿತ್ತು. ಆಮೇಲೆ ಕಂಡಿದ್ದು ಗುಂಡಿ. ಎಂಜಿನ್ನಿನ ಎಣ್ಣೆಯೆಲ್ಲ ಇಳಿದು ನಿಲ್ಲಬೇಕಾದ, ಪಂಪು ಬಾಯಿಟ್ಟು ಹೀರಬೇಕಾದ ಆ ಗುಂಡಿ ಅಂಗಡಿಯದರಲ್ಲಿ ಹಿಂಭಾಗದಲ್ಲಿತ್ತು; ಮಾವ ಮುಂಭಾಗದಲ್ಲಿ ಮಾಡಿದ್ದರು.

ಅವರು ರಿಪೇರಿ ಮಾಡುತ್ತಿದ್ದ ಕಾರುಗಳಿಗಾದರೆ ಸರಿ. ರೇಸ್ ದೋಣಿ ಹಾಗಲ್ಲ. ವೇಗ ಹಿಡಿಯುವಾಗ ಮೂತಿ ಮೇಲೆತ್ತುತ್ತದೆ, ಎಣ್ಣೆ ಹಿಂದಕ್ಕೆ ಓಡುತ್ತದೆ. ಮುಂದಿನ ಗುಂಡಿ ಬರಿದಾದರೆ ಪಂಪು ಗಾಳಿ ಕುಡಿಯುತ್ತದೆ, ಬೇರಿಂಗು ಸುಟ್ಟು ಎಂಜಿನ್ ಸೀಜ್ ಆಗಿ ನಿಂತೇ ಹೋಗುತ್ತದೆ. ಭಾನುವಾರದ ರೇಸಿಗೆ ಅವಳಿಗಿದ್ದದ್ದು ಅದೊಂದೇ ಎಂಜಿನ್. ಅದರ ಶಕ್ತಿ ಹೆಚ್ಚಿಸಿದ ಮೇಲೆ ಹಳೆಯ ಪ್ಯಾನಿನ ಎಣ್ಣೆ ಸಾಲುತ್ತಿರಲಿಲ್ಲ, ಹೊಸದು ಬೇಕೇ ಬೇಕಿತ್ತು.

ಆದರೆ ಹೇಳುವುದು ಹೇಗೆ? ಅವಳು ದೋಣಿ ಓಡಿಸುವುದೇ ಮಾವನಿಗೆ ಹಿಡಿಸಿರಲಿಲ್ಲ. ಮದುವೆಯಾದಾಗಿನಿಂದ 'ಉಪ್ಪು ಕೊಡಮ್ಮ' ಬಿಟ್ಟರೆ ಅವಳೊಡನೆ ಮಾತಿಲ್ಲ. ಅಂಥವರು ಯಾರೂ ಕೇಳದೆ ಇದನ್ನು ಮಾಡಿ ತಂದಿದ್ದರು. ಬೇಡವೆಂದರೆ ಆ ಉಪ್ಪಿನ ಮಾತೂ ನಿಂತೀತು.

ಗಂಡನನ್ನು ಶೆಡ್ಡಿನ ಹೊರಗೆ ಎಳೆದುಕೊಂಡು ಹೋದಳು.

"ನೀವೇ ಹೇಳಿ. ನಿಮ್ಮಪ್ಪ ತಾನೇ?"

"ಬೆಕ್ಕಿಗೆ ಗಂಟೆ ಕಟ್ಟೋಕೆ ನಾನೇ ಸಿಕ್ಕಿದ್ನಾ? ಸುಮ್ನೆ ಹಾಕ್ಕೊಂಡ್ಬಿಡೇ. ಒಂದು ರೇಸಿಗೆ ಏನಾಗಲ್ಲ."

"ಏನಾಗಲ್ವಾ? ನಡುನೀರಲ್ಲಿ ಎಂಜಿನ್ ನಿಂತ್ರೆ ಹಿಂದಿನ ದೋಣಿ ನನ್ ಮೇಲೆ ಹತ್ತುತ್ತೆ ಕಣ್ರೀ!"

ಗಂಡ ತಲೆ ಕೆರೆದುಕೊಂಡ. ಅಪ್ಪನ ವಿಷಯದಲ್ಲಿ ಅವನಿಂದ ಆಗುವ ಕೆಲಸ ಅಷ್ಟೇ.

ಅವಳೇ ಒಳಗೆ ಹೋದಳು. "ಮಾವ, ಕೆಲಸದಲ್ಲಿ ಒಂದು ಹುಳುಕಿಲ್ಲ. ಆದ್ರೆ ಗುಂಡಿ ಹಿಂದಿರ್ಬೇಕಿತ್ತು. ದೋಣಿ ಓಡುವಾಗ ಮೂತಿ ಎತ್ತುತ್ತೆ, ಎಣ್ಣೆ ಹಿಂದಕ್ಕೆ ಹೋಗುತ್ತೆ."

ಮಾವ ಮುಖ ಗಂಟಿಕ್ಕಿದರು. "ರಸ್ತೆಯಾದ್ರೆ ಏರು, ಇಳಿಜಾರು ಅಂತಿರುತ್ತೆ. ಸಮ ಇರೋ ನೀರಲ್ಲಿ ಇಳಿಜಾರು ಎಲ್ಲಿಂದ ಬಂತಮ್ಮ? ಬೇಡ ಅಂದ್ರೆ ಬೇಡ ಅನ್ನು. ಸುತ್ತಿ ಬಳಸಿ ಯಾಕೆ?"

"ಬೇಡ ಅಂತಲ್ಲ. ನೀವು ಒಂದ್ಸಲನೂ ಹತ್ತಿಲ್ಲ. ಬನ್ನಿ, ನೋಡೋರಂತೆ."

ಹತ್ತದಿದ್ದುದಕ್ಕೆ ಕಾರಣ ಮನೆಮಂದಿಗೆಲ್ಲ ಗೊತ್ತು: ಮಾವನಿಗೆ ನೀರೆಂದರೆ ಜೀವಭಯ. "ಅಪ್ಪಾ, ನಿಮ್ಮಿಂದ ಆಗಲ್ಲ" ಎಂದು ಅವಳ ಹಿಂದೆಯೇ ಒಳಗೆ ಬಂದಿದ್ದ ಗಂಡ ಬಾಯಿ ಹಾಕಿದ. ಅಷ್ಟೇ ಸಾಕಾಯಿತು.

"ನೀನು ಸುಮ್ನಿರೋ! ಈ ಪ್ಯಾನಿಗೆ ಎಣ್ಣೆ ಹಾಕಿ ಕೊಡಿ. ತೊಡೆ ಮೇಲಿಟ್ಕೊಂಡು ಅದೇನು ನೋಡೇಬಿಡ್ತೀನಿ."

ಎಂಜಿನ್ನಿಗೆ ಇನ್ನೂ ಹಾಕಿದ್ದ ಹಳೆಯ ಪ್ಯಾನು ಒಂದು ಸಣ್ಣ ಸುತ್ತಿಗೆ ಸಾಕಿತ್ತು. ಮಾವನ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಅವಳೇ ಬಿಗಿದಳು. ಮಾವ ಗುಂಡಿಯ ಭಾಗ ಮುಂದೆ ಬರುವಂತೆ ಪ್ಯಾನನ್ನು ತೊಡೆಯ ಮೇಲಿಟ್ಟು ಎರಡೂ ಕೈಗಳಿಂದ ಹಿಡಿದರು. ಬೆರಳುಗಳು ಬೆಳ್ಳಗಾಗಿದ್ದವು. ದೋಣಿ ಕಟ್ಟುವ ಜೆಟ್ಟಿ ದಾಟಿದ ಮೇಲೆ ಅವಳು ಥ್ರಾಟಲ್ ಒತ್ತಿದಳು. ದೋಣಿ ಮೂತಿ ಎತ್ತಿತು. ಎದುರಿಗಿದ್ದ ನೀರು ಮರೆಯಾಗಿ ಬರೀ ಆಕಾಶ ಕಂಡಿತು. ಎಣ್ಣೆ ಗುಂಡಿ ಬಿಟ್ಟು ಹಿಂದಕ್ಕೆ ಜಾರಿ, ಅಂಚು ಹಾರಿ, ಮಾವನ ಹೊಟ್ಟೆ ತೊಡೆಯೆಲ್ಲ ನೆನೆಸಿತು.

ಅವಳು ಗಾಬರಿಯಿಂದ ವೇಗ ತಗ್ಗಿಸಿದಳು. "ಅಯ್ಯೋ, ಮಾವ..."

ಮಾವ ಬಟ್ಟೆಯನ್ನು ನೋಡಿಕೊಳ್ಳಲಿಲ್ಲ. ಬರಿದಾಗಿದ್ದ ಗುಂಡಿಗೆ ಎಣ್ಣೆ ಮೆಲ್ಲಗೆ ವಾಪಸ್ ಬರುವುದನ್ನೇ ನೋಡುತ್ತಿದ್ದರು.

"ಪ್ರತಿ ಸಲ ಹಿಂಗೇನಾ?"

"ಪ್ರತಿ ಸಲ."

"ಇದನ್ನ ಹಾಕಿ ನಿನ್ನ ಕಳಿಸಿದ್ದಿದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ದೋಣಿ ಅಲುಗಾಡುತ್ತಿತ್ತು. ಪ್ಯಾನನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ಭಾನುವಾರ ಅಂಗಡಿದೇ ಹಾಕ್ಕೋ" ಎಂದರು.

"ಹೂಂ ಮಾವ."

"ತಿರುವಲ್ಲಿ ಎಣ್ಣೆ ಯಾವ ಕಡೆ ಹೋಗುತ್ತೆ?"

"ಪಕ್ಕಕ್ಕೆ. ಅದು ಇದಕ್ಕಿಂತ ಜೋರು. ಬೇಡ ಬಿಡಿ, ವಾಪಸ್ ಹೋಗೋಣ."

ಮಾವ ದೂರದ ದಡವನ್ನು ಒಮ್ಮೆ ನೋಡಿದರು. ಕಾಲುಗಳನ್ನು ಅಗಲಿಸಿ ಊರಿಕೊಂಡು, ಉಳಿದ ಎಣ್ಣೆ ಚೆಲ್ಲದಂತೆ ಪ್ಯಾನನ್ನು ಮತ್ತೆ ಸಮಕ್ಕೆ ಹಿಡಿದು, ಅದರೊಳಗೇ ಕಣ್ಣು ನೆಟ್ಟರು.

"ತಿರುಗಿಸು ನೋಡೋಣ" ಎಂದರು.