ಅಂಗಳದ ಪಾಠ

ಕಿಟಕಿಯ ಬಣ್ಣದ ಗಾಜಿನಿಂದ ಇಳಿದ ಕೆಂಪು ಬೆಳಕು ಎಸ್ತೇರಮ್ಮನ ಮೊಣಕಾಲಿನ ಮೇಲೆ ಬೆಕ್ಕಿನ ಮರಿಯಂತೆ ಕುಳಿತಿದೆ, ಸವರಿದರೆ ಕೈಮೇಲೆ ಹತ್ತುತ್ತದೆ — ಬೆಟಗೇರಿಯ ಈ ಚರ್ಚಿನಲ್ಲೇ ಮದುವೆ, ಇಲ್ಲಿಂದಲೇ ಗಂಡನ ಶವಪೆಟ್ಟಿಗೆ ಹೊರಟಿದ್ದು, ಹಾಡು ಮುಗಿಯುತ್ತಿದೆಯೋ ಶುರುವಾಗುತ್ತಿದೆಯೋ, ಪಕ್ಕದಲ್ಲಿ ಪ್ರಿಯಾಂಕಾಳ ಸೀರೆಯಿಂದ ಸಾಬೂನಿನ ವಾಸನೆ, ಮುಂಡರಗಿಯ ಕುಡುಕ ಗಂಡನ ಹೊಡೆತ ತಾಳದೆ ತವರಿಗೆ ಬಂದವಳು, ಗಂಡನ ಮನೆಗೆ ಮರಳುವ ತನಕ ಇವಳಿಗೆ ಕರ್ತನ ಭೋಜನದ ರೊಟ್ಟಿ-ದ್ರಾಕ್ಷಾರಸವಿಲ್ಲ ಎಂದು ಸಭೆಯ ಹಿರಿಯರು ತೀರ್ಮಾನಿಸಿದಂದಿನಿಂದ ಕೊನೆಯ ಬೆಂಚೇ ಅವಳದು, ಇವತ್ತು ಎದ್ದು ಬಂದು ಇಲ್ಲಿ ಕುಳಿತಿದ್ದಾಳೆ. ಪ್ರಿಯಾಂಕಾನ ಬಗ್ಗೆ ನೀವು ಹೇಳೂದು ಖರೆ ಇರಬಹುದ್ರಿ ಎಸ್ತೇರಮ್ಮಾರ, ಶುಕ್ರವಾರ ಪಾದ್ರಿ ಪ್ರಶಾಂತ ಅಯ್ಯನವರು ಮನೆಗೇ ಬಂದಿದ್ದರು, ಚಹಾ ಆರುತ್ತಿತ್ತು, ಮನ್ಯಾಗ ಹೆಣ್ಮಕ್ಕಳನ್ನ ಕುಂಡ್ರಿಸಿಕೊಂಡು ಏನರ ಕಲಸ್ರಿ, ಯಾರು ಬ್ಯಾಡಂತಾರ, ಚರ್ಚಿನ ಅಂಗಳದಾಗ ಮಾತ್ರ ಬ್ಯಾಡ್ರಿ, ಹಿರಿಯಾರು ಸಿಟ್ಟಾಗ್ಯಾರ — ಪಾಪ, ಒಳ್ಳೆಯ ಮನುಷ್ಯ, ಕಪ್ಪಿನಿಂದ ಕಣ್ಣೆತ್ತಲಿಲ್ಲ, ಅವರು ಹೋದ ಮೇಲೆ ಯೇಸು ಒಬ್ಬನೇ ನೆನಪಾಗುತ್ತಿದ್ದ, ಹಿಡಿಯಲು ಕಾದವರಿದ್ದರೂ ಹಬ್ಬದ ನಡುವೆ ದೇವಾಲಯದ ಅಂಗಳಕ್ಕೆ ನಡೆದುಬಂದು ಎಲ್ಲರೆದುರು ಕಲಿಸಿದವನು, ಅವನಿಗೊಂದು ಮನೆ ಸಿಗುತ್ತಿರಲಿಲ್ಲವೇ, ಬಾಗಿಲು ಮುಚ್ಚಿಕೊಂಡು ಮೆಲ್ಲಗೆ ಹೇಳಬಹುದಿತ್ತಲ್ಲ, ಆ ಅಂಗಳದ ಕಲ್ಲು ಲಕ್ಷ್ಮೇಶ್ವರದ ಹಳೆಯ ಗುಡಿಯ ಕಲ್ಲಿನಂತೆ ನುಣುಪೋ, ಬಿಸಿಲಿಗೆ ಅಂಗಾಲು ಸುಡುತ್ತಿತ್ತೋ.

ಇವತ್ತು ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಎಸ್ತೇರಮ್ಮನ ಅಂಗಾಲೂ ಸುಟ್ಟಿತು, ಹಿರಿಯರು ಕುರ್ಚಿ ಹಾಕಿಕೊಂಡು ಕುಳಿತಲ್ಲೇ ಎದುರಿಗೆ ಹೆಂಗಸರನ್ನು ಕೂರಿಸಿ ಆ ಕಥೆಯನ್ನೇ ಹೇಳಿದಳು, ಊಟಕ್ಕ ಕರದಾಂವ ಕರ್ತ, ನಾವಲ್ಲ, ಹೊಡಿಸಿಕೊಂಡು ಬಂದಾಕಿನ್ನ ಹೊರಗ ಕುಂಡ್ರಸ್ರಿ ಅಂತ ಆಂವ ಎಲ್ಲಿ ಅಂದಾನ — ತನ್ನ ದನಿ ತನಗೇ ದೂರದ ಓಣಿಯಿಂದ ಬಂದಂತೆ, ಹಿರಿಯ ದಾನಿಯೇಲಪ್ಪನವರು ಎದ್ದು ನಿಂತದ್ದು ಕನಸಿನಲ್ಲಿ ಬಾಗಿಲು ತೆರೆದಂತೆ, ಸಾಕ್ ಮಾಡ್ರಿ, ಇವತ್ತಿಂದ ನಿಮ್ಮ ಪಾಠ ಬಂದ್, ಆತ್ರಿ, ಅಂದಳು, ಆದ್ರ ಹೇಳೂದು ಹೇಳೇನಿ, ಕೆಲವರು ಸೆರಗು ಝಾಡಿಸಿ ಎದ್ದುಹೋದರು, ಕೆಲವರು ಕುಳಿತೇ ಇದ್ದರು, ಇಷ್ಟು ವರ್ಷ ಹೆಂಗಸರಿಗೆ ಹೇಳಿಕೊಟ್ಟ ಬೈಬಲ್ ಪಾಠ ಒಂದು ಮಾತಿಗೆ ಮುಗಿಯಿತು, ಅಳು ಬರಲಿಲ್ಲ, ಎದೆ ಮಾತ್ರ ಸಾಮಾನು ತೆಗೆದ ಖೋಲಿಯಂತೆ ದೊಡ್ಡದಾಯಿತು, ಈಗ ಚರ್ಚಿನೊಳಗೆ ಸಾಲು ಏಳುತ್ತಿದೆ, ಭೋಜನದ ಹೊತ್ತು, ನಾನೂ ಬರ್ಲೇನ್ರಿ ಅಮ್ಮಾರ, ಪ್ರಿಯಾಂಕಾಳ ಉಸಿರು ಕಿವಿಗೆ ತಾಗುತ್ತದೆ, ಬಾರವ್ವ, ಇಬ್ಬರೂ ಮೊಣಕಾಲೂರುತ್ತಾರೆ, ಅಯ್ಯನವರ ಬಿಳಿ ನಿಲುವಂಗಿ ತೇಲುತ್ತ ಬರುತ್ತದೆ, ಎಸ್ತೇರಮ್ಮನ ಕೈಗೆ ರೊಟ್ಟಿಯ ತುಣುಕು, ಮುಂದೆ ಪ್ರಿಯಾಂಕಾ ಒಡ್ಡಿದ ಬೊಗಸೆ, ಅಯ್ಯನವರ ಬೆರಳು ನಿಂತಿತು, ದಾಟಿತು, ಆಚೆಯ ಹೆಂಗಸಿಗೆ ಹೋಯಿತು, ಬೊಗಸೆ ಇಳಿಯಲಿಲ್ಲ, ಹಿಂದೆ ಯಾರೋ ಕೆಮ್ಮಿದರು, ಎಸ್ತೇರಮ್ಮ ತನ್ನ ತುಣುಕು ಮುರಿದಳು, ಎಲ್ಲರೂ ನೋಡುತ್ತಿದ್ದರು, ನೋಡಲಿ, ಅರ್ಧ ಅಲ್ಲಿಟ್ಟಳು, ಆ ಬೊಗಸೆ, ಹೆಬ್ಬೆರಳಿನ ಬುಡದಲ್ಲಿ ಬೀಡಿಯಿಂದ ಸುಟ್ಟ ಗುಂಡನೆ ಕಲೆ, ಕಲೆಯ ಪಕ್ಕದಲ್ಲಿ ರೊಟ್ಟಿಯ ಅರ್ಧ ತುಣುಕು, ಆ ಬೊಗಸೆ, ಆ ಕಲೆ, ಅರ್ಧ ತುಣುಕು —