ಮಗ ಮನೆಯಲ್ಲಿಲ್ಲವೆಂದು

ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸುವ ಕೆಲಸ ಅವಳದು. ವಾರಕ್ಕೆ ಆರು ದಿನವಿದ್ದ ಕೆಲಸ ಮೂರು ದಿನಕ್ಕೆ ಇಳಿದಾಗ ಸೂಪರ್‌ವೈಸರೇ ಹೇಳಿದ್ದ: ಗಂಡ ಬಿಟ್ಟುಹೋದ ಹೆಂಗಸರಿಗೆ ಸರ್ಕಾರ ತಿಂಗಳು ತಿಂಗಳು ಹಣ ಕೊಡುತ್ತದೆ, ಅರ್ಜಿ ಹಾಕು. ಹೇಳುವುದೇನೋ ಸುಲಭ. ಮದುವೆಯ ದಾಖಲೆ ಹಿಡಿದು ಹೋದರೆ ಕೌಂಟರಿನ ಗುಮಾಸ್ತೆ ಬಾಡಿಗೆ ಚೀಟಿ ಎಲ್ಲಿ ಅನ್ನುವಳು. ಅದನ್ನು ಒಯ್ದರೆ ಮಗಳ ಶಾಲೆಯ ಕಾಗದ. ಕಚೇರಿ ತೆರೆದಿರುವುದೂ ಅವಳ ಪಾಳಿ ನಡೆಯುವುದೂ ಒಂದೇ ಹೊತ್ತು. ನಾಲ್ಕು ತಿಂಗಳು ಅಲೆದ ಮೇಲೆ ಗುಮಾಸ್ತೆ ಫೈಲು ಮುಚ್ಚಿ, "ಎಲ್ಲ ಸರಿ ಇದೆ. ಇನ್ನು ಇನ್ಸ್‌ಪೆಕ್ಟರ್ ಮನೆಗೆ ಬಂದು ನೋಡ್ತಾರೆ" ಎಂದಳು.

"ಯಾವತ್ತು ಬರ್ತಾರೆ ಮೇಡಂ?"

"ಹೇಳಿ ಬಂದ್ರೆ ಅದು ತಪಾಸಣೆ ಹೇಗಾಗುತ್ತಮ್ಮಾ?"

ಅವತ್ತಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಮೂರನೇ ಮಹಡಿಯ ಒಂದೇ ಕೋಣೆಯ ಮನೆ. ಮೆಟ್ಟಿಲ ಮೇಲೆ ಯಾರದಾದರೂ ಬೂಟು ಸದ್ದು ಮಾಡಿದರೆ ಬಾಗಿಲ ಸಂದಿಯಿಂದ ಇಣುಕುತ್ತಿದ್ದಳು. ಪಾಳಿಯ ದಿನಗಳಲ್ಲಿ ಇನ್ನೂ ಕಷ್ಟ. ಇವತ್ತೇ ಬಂದುಬಿಟ್ಟರೆ? ಹಬೆಯ ಯಂತ್ರದ ಮುಂದೆ ನಿಂತು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ಅವಳು ಪಾಳಿಗೆ ಹೋಗಿದ್ದ ದಿನವೇ ಇನ್ಸ್‌ಪೆಕ್ಟರ್ ಬಂದರು. ಮನೆಯಲ್ಲಿದ್ದದ್ದು ಅತ್ತೆ ಒಬ್ಬರೇ.

ಅತ್ತೆಗೆ ಒಂದು ಗೀಳಿತ್ತು. ಮಗ ಮನೆ ಬಿಟ್ಟು ಒಂದೂವರೆ ವರ್ಷವಾಗಿದ್ದರೂ ಅವನ ನೀಲಿ ಅಂಗಿಯನ್ನು ವಾರಕ್ಕೊಮ್ಮೆ ಒಗೆದು ಗೂಟಕ್ಕೆ ನೇತುಹಾಕುವರು. ಯಾರಾದರೂ ಕೇಳಿದರೆ, "ಕೆಲಸದ ಮೇಲೆ ಹೋಗಿದಾನೆ. ಆಗಾಗ ಬಂದುಹೋಗ್ತಾನೆ" ಅನ್ನುವರು. ಮುದುಕಿಯ ಸಮಾಧಾನಕ್ಕೆ ಒಂಚೂರು ಸೋಪು ತಾನೇ, ಹೋದರೆ ಹೋಗಲಿ ಎಂದು ಸೊಸೆ ಸುಮ್ಮನಿದ್ದಳು.

ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಅತ್ತೆ ಶುರುಮಾಡಿದರು. "ಇವತ್ತು ಸರ್ಕಾರದವರು ಬಂದಿದ್ರು ಕಣೇ. ಒಳ್ಳೆ ಮನುಷ್ಯ. ಕುಡಿಯೋಕೆ ನೀರು ಕೊಟ್ಟೆ."

"ಏನು ಕೇಳಿದ್ರು?"

"ಮಗ ಬರ್ತಾನಾ ಅಂದ್ರು. ಬಂದುಹೋಗ್ತಾನೆ ಅಂದೆ. ಗುರುತಿಲ್ಲದವರ ಮುಂದೆ ಮನೆ ಮಾನ ಹರಾಜಿಗೆ ಇಡೋಕಾಗುತ್ತಾ?"

"ಅಂಗಿ ನೋಡಿದ್ರಾ ಅತ್ತೆ?"

"ಮುಟ್ಟಿ ನೋಡಿದ್ರು. ಇನ್ನೂ ಹಸಿ ಇತ್ತು."



ವಾರದಲ್ಲಿ ಕಾಗದ ಬಂತು. ಮನೆಯಲ್ಲಿ ದುಡಿಯುವ ಗಂಡಸು ಇರುವುದು ಕಂಡುಬಂದ ಕಾರಣ ಅರ್ಜಿ ತಿರಸ್ಕೃತ. ಅವಳು ಕಚೇರಿಗೆ ಓಡಿದಳು. ಗುಮಾಸ್ತೆ ಕನ್ನಡಕ ಮೇಲೇರಿಸಿ, "ನಿಮ್ಮ ಮಾತು ಒಂದೇ ಸಾಲದು. ಗಂಡನ ಕಡೆಯ ಹಿರಿಯರು ಬಂದು ಬಿಟ್ಟುಹೋಗಿದಾನೆ ಅಂತ ಹೇಳಿಕೆ ಕೊಡಬೇಕು. ಹದಿನೈದು ದಿನ ಟೈಮು. ಅದು ಮೀರಿದ್ರೆ ಮೊದಲಿಂದ ಅರ್ಜಿ ಹಾಕಬೇಕು" ಎಂದಳು.

ಗಂಡನ ಕಡೆಗೆ ಹಿರಿಯರೆಂದು ಇದ್ದವರು ಅತ್ತೆ ಒಬ್ಬರೇ. ಅವರು ಖಡಾಖಂಡಿತವಾಗಿ ಆಗೋಲ್ಲ ಎಂದರು.

"ನಾನು ಹಾಗಂತ ಬರೆಸಿದ್ರೆ ಅದು ನಿಜ ಆಗ್ಬಿಡುತ್ತೆ ಕಣೇ."

"ಆಗಲೇ ನಿಜ ಆಗಿದೆ ಅತ್ತೆ! ನನ್ನೊಬ್ಬಳನ್ನೇ ಬಿಟ್ಟುಹೋದ ಅಂದ್ಕೊಂಡಿದೀರಾ?"

ಆಡಿದ ಮಾತನ್ನು ನುಂಗಿಕೊಳ್ಳುವಂತಿದ್ದರೆ ನುಂಗಿಕೊಳ್ಳುತ್ತಿದ್ದಳು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ದಿನಗಟ್ಟಲೆ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಹೇಳಬೇಕಾದ್ದನ್ನೆಲ್ಲ ಎಂಟು ವರ್ಷದ ಮಗಳು ಪುಟ್ಟಿಯ ಮೂಲಕ ಹೇಳಿಸಿದರು.

ಹದಿಮೂರನೆಯ ದಿನ ಮನೆಯ ಮಾಲೀಕ ಬಾಡಿಗೆ ಕೇಳಲು ಬಂದ. ಏನು ಹೇಳಬೇಕೋ ತೋಚದೆ ಅವಳು ಬಾಗಿಲ ಹಿಂದೆ ಸರಿದು ಉಸಿರು ಬಿಗಿಹಿಡಿದು ನಿಂತಳು. ಪುಟ್ಟಿಯೇ ಹೊಸ್ತಿಲಿಗೆ ಹೋಗಿ, ಕಣ್ಣು ಮಿಟುಕಿಸದೆ, "ಅಮ್ಮ ಕೆಲಸದ ಮೇಲೆ ಹೋಗಿದಾಳೆ. ಆಗಾಗ ಬಂದುಹೋಗ್ತಾಳೆ" ಎಂದಿತು. ಮಾಲೀಕ ಗೊಣಗುತ್ತ ಇಳಿದುಹೋದ. ಹೇಗೆ ಹೇಳಿದೆ ನೋಡು ಎಂಬಂತೆ ಪುಟ್ಟಿ ಅಜ್ಜಿಯತ್ತ ತಿರುಗಿ ನಕ್ಕಿತು. ಅತ್ತೆ ನಗಲಿಲ್ಲ. ತುಂಬ ಹೊತ್ತು ಮೊಮ್ಮಗಳನ್ನೇ ನೋಡುತ್ತ ಕೂತಿದ್ದರು.

ಮರುದಿನ ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಅತ್ತೆ ತಲೆ ಬಾಚಿಕೊಂಡು, ಹೊರಗೆ ಹೋಗುವ ಬಟ್ಟೆ ಉಟ್ಟು ತಯಾರಾಗಿದ್ದರು. "ನಡಿ. ಮನಸ್ಸು ಬದಲಾಗೋದ್ರೊಳಗೆ ಹೋಗಿಬರೋಣ."

ಕಚೇರಿಯಲ್ಲಿ ಸರದಿ ಆಮೆಯ ಹಾಗೆ ಸಾಗುತ್ತಿತ್ತು. ಅತ್ತೆಯ ಕಾಲು ನಡುಗುವುದನ್ನು ನೋಡಿ ಅವಳು, "ಕೂತ್ಕೊಳ್ಳಿ, ನಾನು ನಿಂತಿರ್ತೀನಿ" ಎಂದಳು. ಅತ್ತೆ ಕೇಳಿಸದವರಂತೆ ನಿಂತೇ ಇದ್ದರು. ಮಧ್ಯಾಹ್ನದ ವಿರಾಮಕ್ಕೆ ಕೌಂಟರು ಮುಚ್ಚಲು ಇನ್ನು ಐದು ನಿಮಿಷವಿದೆ ಎನ್ನುವಾಗ ಅವರ ಸರದಿ ಬಂತು.

"ನಿಮ್ಮ ಮಗ ಮನೆ ಬಿಟ್ಟು ಎಷ್ಟು ಕಾಲ ಆಯ್ತಮ್ಮಾ?" ಗುಮಾಸ್ತೆ ಕೇಳಿದಳು.

"ಇವತ್ತಿಗೆ ಐನೂರ ಅರವತ್ತೆರಡು ದಿನ."

ಸೊಸೆ ಗಕ್ಕನೆ ತಿರುಗಿ ನೋಡಿದಳು. ಅವಳೂ ಅಷ್ಟು ಲೆಕ್ಕ ಇಟ್ಟಿರಲಿಲ್ಲ.

"ಮತ್ತೆ ಹಸಿ ಅಂಗಿ ಇತ್ತು ಅಂತ ಇಲ್ಲಿ ಬರೆದಿದಾರಲ್ಲ?"

"ಒಗೆಯೋದು ನಾನು, ತಾಯಿ. ತೊಡೋರು ಯಾರೂ ಇಲ್ಲ."

ಗುಮಾಸ್ತೆ ಅದನ್ನು ಬರೆದುಕೊಂಡು, ಸಹಿ ಹಾಕಿಸಿ, ದನಿ ತಗ್ಗಿಸಿ ಹೇಳಿದಳು: "ಆರು ತಿಂಗಳಿಗೊಮ್ಮೆ ಬಂದು ಇದನ್ನೇ ಹೇಳಿ ಹೋಗಬೇಕು. ನಡುವೆ ಅವರು ವಾಪಸ್ ಬಂದ್ರೆ ಅವತ್ತೇ ತಿಳಿಸಬೇಕು. ಹಣ ನಿಲ್ಲುತ್ತೆ."

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅತ್ತೆ ಕಂಬ ಹಿಡಿದು ನಿಂತರು. "ಅವನು ಬಂದ್ರೆ ನಿಲ್ಲುತ್ತಂತಾ?"

"ಹೂಂ ಅತ್ತೆ."

"ಮುಂದಿನ ಸಲ ನೀನು ರಜೆ ಹಾಕ್ಬೇಡ. ನಾನೇ ಬಂದು ಹೇಳಿಹೋಗ್ತೀನಿ."

ಏಳನೇ ವಾರಕ್ಕೆ ಹಣ ಬಂತು. ಮಾಲೀಕನ ಬಾಯಿ ಮುಚ್ಚಿತು, ಪುಟ್ಟಿಗೆ ಶಾಲೆಯ ಬೂಟು ಬಂತು. ಆದರೂ ಅವಳಿಗೆ ನೆಮ್ಮದಿ ಎಂಬುದು ಸಿಗಲಿಲ್ಲ. ಕೆಲಸಕ್ಕೆ ಹೋಗುವಾಗ ಎದುರು ಬರುವ ಗಂಡಸರ ಮುಖ ನೋಡುವುದು ಗಂಡ ಹೋದಂದಿನಿಂದ ಅವಳಿಗೆ ಅಂಟಿಕೊಂಡಿತ್ತು. ಅವನದೇ ನಡಿಗೆಯವನೊಬ್ಬ ದೂರದಲ್ಲಿ ಕಂಡರೆ, ಕೂಗಿ ಕರೆಯುವುದೋ ಪಕ್ಕದ ಓಣಿಗೆ ತಿರುಗುವುದೋ ಈಗ ಅವಳಿಗೇ ತಿಳಿಯದು. ತಲೆ ತಗ್ಗಿಸಿ ಬಿರಬಿರನೆ ಹೆಜ್ಜೆ ಹಾಕುವಳು.