ಕುರಿ ಕರೆದ ಸ್ಯಾಕ್ಸೊಫೋನ್

ಗಡಹಿಂಗ್ಲಜದ ಬ್ಯಾಂಡಿನಲ್ಲಿ ಢೋಲು ಬಾರಿಸುತ್ತಿದ್ದವನು ನಾನು. ಒಂದು ಪೆಟ್ಟು ಹಾಕಿದರೆ ಹರದಾರಿ ದೂರದ ಮುರಗೂಡದಲ್ಲಿ ಮಲಗಿದ ಕೂಸು ಎದ್ದು ಕೂಡುತ್ತಿತ್ತು. ಅಂಥ ನನ್ನ ಢೋಲಿನ ಬಾಯನ್ನೂ ಒಮ್ಮೆ ಮುಚ್ಚಿಸಿದವನು ನೇಸರಿಯ ಕುರಿಗಾಹಿ ಧನಗರರ ಕೃಷ್ಣಾತ. ವಯಸ್ಸು ಇಪ್ಪತ್ತು. ತೂಕ, ಅವನು ಊದುವ ಸ್ಯಾಕ್ಸೊಫೋನಿಗಿಂತ ತುಸು ಕಡಿಮೆ.

ಅವನಿಗೆ ಜಾಝ್ ಹುಚ್ಚು ಹಿಡಿಸಿದ್ದು ನನ್ನ ರೇಡಿಯೊ. ಒಂದು ಸಲ ಕೇಳಿದ್ದನ್ನು ಮರುದಿನ ಊದುತ್ತಿದ್ದ; ಮೂರನೆಯ ದಿನ ರೇಡಿಯೊದವರೇ ಇವನಿಂದ ಕಲಿಯಬೇಕು, ಹಾಗೆ.

"ಇದರಾಗ ಬರಕೊಂಡಂಗ ಊದೂದಲ್ಲ ಮಾಮಾ," ಎನ್ನುತ್ತಿದ್ದ. "ಸ್ವರಾನ ಕುರಿಹಂಗ ಮೇಯಾಕ ಬಿಡಬೇಕು. ಅಡ್ಡಾಡಿ ಬರಲಿ. ಕಡೀಕ ಕರದು ಹಟ್ಟಿಗೆ ಸೇರಸಬೇಕು."

ಕರೆಯುವುದೆಂದರೆ ಬರೀ ಮಾತಲ್ಲ. ಅವನಪ್ಪ ಸಿದ್ದರಾಯ ಸಂಜೆ ಕುರಿಗಳನ್ನು ಕೂಗುವ ಕೂಗು, ಎರಡು ಗಿಡ್ಡ, ಒಂದು ಉದ್ದ, ಅದನ್ನೇ ಊದಿ ಪ್ರತಿ ಸಲ ಮುಗಿಸುತ್ತಿದ್ದ.

ಸಿದ್ದರಾಯ ಮಾತ್ರ ಖಡಾಖಡಿ ಹೇಳಿಬಿಟ್ಟಿದ್ದ: "ಈ ಲಗ್ನಸರಾಯಿ ಮುಗಿಯೂದರಾಗ ಕಾಯಂ ನೌಕರಿ ಹಿಡಿ. ಇಲ್ಲಂದ್ರ ಆ ಡೊಂಕ ಪಿತ್ತಾಳಿ ಮೂಲ್ಯಾಗಿಟ್ಟು ನನ್ನ ಕೋಲು ಹಿಡಿ."

ಎಪ್ಪತ್ತೆಂಟರ ಮೇ ತಿಂಗಳು, ಸೀಜನ್ನಿನ ಕಡೆಯ ಲಗ್ನ. ಇಚಲಕರಂಜಿಯಲ್ಲಿ ಮಗ್ಗದ ಕಾರ್ಖಾನೆ ಇಟ್ಟ ಜೈನರ ಪೈಕಿ ದಾದಾಸಾಹೇಬರ ಮಗನದು. ಮದುಮಗನ ಸೋದರಮಾವ ಜಿನಪಾಲರದು ಕೊಲ್ಹಾಪುರದಲ್ಲಿ ಹೋಟೆಲು. ಅಲ್ಲಿ ಸಂಜೆಗೆ ಜಾಝ್ ಊದುವವನೊಬ್ಬ ಬೇಕಾಗಿದ್ದ. "ಮೆರವಣಿಗ್ಯಾಗ ನಮ್ಮ ಹುಡುಗನ ಕೇಳ್ರಿ," ಎಂದು ಬ್ಯಾಂಡಿನ ನಾಮದೇವ ಮಾಸ್ತರರು ಅವರಿಗೆ ಹೇಳಿಟ್ಟಿದ್ದರು.

ಅಕ್ಷತೆ ಬಿದ್ದು, ಇಳಿಹೊತ್ತಿಗೆ ಮೆರವಣಿಗೆ ಹೊರಟಿತು. ಮದುಮಕ್ಕಳು ಚೆಂಡು ಹೂವು ಸುತ್ತಿದ ಜೀಪಿನಲ್ಲಿ. ಊರಂಚಿಗೆ ಬಂದಾಗ ಮಾಸ್ತರರು ಕಣ್ಸನ್ನೆ ಮಾಡಿದರು. ಕೃಷ್ಣಾತ ಸ್ವರವನ್ನು ಮೇಯಲು ಬಿಟ್ಟ. ಬಿಟ್ಟದ್ದು ಹೇಗೆ ಅಂತೀರಿ! ಮಗ್ಗಗಳು ತಾವೇ ನಿಂತು ಕೇಳಿದವು. ಜಿನಪಾಲರು ಬಾಯಲ್ಲಿಟ್ಟ ಎಲೆ ಅಗಿಯುವುದನ್ನೇ ಮರೆತರು. ಕಡೆಗೆ ರೂಢಿಯಂತೆ ಎರಡು ಗಿಡ್ಡ, ಒಂದು ಉದ್ದ ಊದಿದ.

ಅವನಿಗೆ ಗೊತ್ತಿಲ್ಲದ್ದೇನೆಂದರೆ, ಗೊಬ್ಬರಕ್ಕೆಂದು ಯಾರೋ ರೈತರು ಕರೆದದ್ದಕ್ಕೆ ಸಿದ್ದರಾಯ ಆ ವಾರ ಕುರಿ ತರುಬಿ ಹಟ್ಟಿ ಹಾಕಿದ್ದು ಅಲ್ಲೇ, ರಸ್ತೆಬದಿಯ ಗೋಡೆಯಾಚೆಯ ಹೊಲದಲ್ಲಿ.

ಬಂದವು. ಮುನ್ನೂರು ಅಂತ ಸಿದ್ದರಾಯ ಹೇಳುತ್ತಾನೆ. ನಾನು ಕಣ್ಣಾರೆ ಕಂಡದ್ದು ಮೂರು ಸಾವಿರ. ಜೀಪಿನ ಹೂವೆಲ್ಲ ಒಂದು ಚಣದಲ್ಲಿ ಸಾಫು. ಒಂದು ಟಗರು ಮದುಮಗಳ ಪಕ್ಕ ಏರಿ ಕೂತಿತು. ಯಾರೋ ಬಡಿಗೆ ಎತ್ತಿದರು. ದಾದಾಸಾಹೇಬರು ಎರಡೂ ಕೈ ಚಾಚಿ ಅಡ್ಡ ನಿಂತರು.

"ಹೊಡೀಬ್ಯಾಡ್ರಿ! ಲಗ್ನದ ದಿನ ನಮ್ಮ ಬಾಗಲದಾಗ ಒಂದ ಜೀವಕ್ಕೂ ಪೆಟ್ಟ ಬೀಳಬಾರದು!"

"ಮತ್ತ ಇವನ್ನ ಹಿಂದ ಕಳಸವ್ರು ಯಾರ್ರಿ?" ಎಂದರು ಜಿನಪಾಲರು.

ಎಲ್ಲರೂ ಕೃಷ್ಣಾತನ ಕಡೆ ನೋಡಿದರು. ಅವನ ಮುಖ ಸುಣ್ಣ ಬಳಿದಂತೆ. "ಆತು ಮಾಮಾ, ನೌಕರಿ ಹೋತು," ಎಂದ.

"ಹೋದದ್ದು ಹೋತು, ಕುರೀನರ ಉಳಸು. ಊದು!" ಎಂದು ನಾನು ಢೋಲು ಕೆಳಗಿಟ್ಟೆ. ಕುರಿ ಬೆದರಬಾರದಲ್ಲ.

ಊದುತ್ತ ಹೊಲದ ಕಡೆ ನಡೆದ. ಹಿಂದೆ ಕುರಿ, ಕುರಿ ನಡುವೆ ಜೀಪು, ಜೀಪಿನ ಹಿಂದೆ ರೇಶಿಮೆ ಸೀರೆಯ ಬೀಗತಿಯರು. ದಾರಿಯುದ್ದಕ್ಕೂ ಒಮ್ಮೆ ಊದಿದ್ದನ್ನು ಮತ್ತೊಮ್ಮೆ ಊದಲಿಲ್ಲ. ಕುರಿ ಚೆದುರಿದರೆ ಸ್ವರ ಬೀಸಿ ತರುವನು, ನಿಂತರೆ ಕುಣಿಸುವನು. ಹಟ್ಟಿಯ ಬಾಯಲ್ಲಿ ಸಿದ್ದರಾಯ ಒಂದೊಂದನ್ನೇ ಮುಟ್ಟಿ ಒಳಗೆ ಬಿಟ್ಟ.

"ಒಂದೂ ಕಮ್ಮಿಲ್ಲ," ಎಂದ.

ಜಿನಪಾಲರು ಕುರಿಹಿಕ್ಕೆ ಮೆತ್ತಿದ ಬೂಟಿನಲ್ಲೇ ಮುಂದೆ ಬಂದರು. "ಸೋಮವಾರದಿಂದ ಬಾ, ಕಾಯಂ. ಆದರ ಆ ಕಡೀ ಕೂಗು ನನ್ನ ಹೋಟೆಲಿನಾಗ ಬ್ಯಾಡಪಾ!"

ಸಿದ್ದರಾಯ ಕೋಲನ್ನು ತನ್ನ ಕಂಕುಳಿಗೇ ಸೇರಿಸಿಕೊಂಡ. "ಹೋಗು," ಎಂದ.

ಮೂರು ತಿಂಗಳಾದ ಮೇಲೆ ಸಿದ್ದರಾಯನನ್ನು ಕೊಲ್ಹಾಪುರದ ಆ ಹೋಟೆಲಿಗೆ ಕರೆದೊಯ್ದವನೂ ನಾನೇ. ಹೆಗಲಿಗೆ ಕಂಬಳಿ, ಬಶಿಯಲ್ಲಿ ಚಹಾ, ಮುಂದಿನ ಕುರ್ಚಿಯಲ್ಲೇ ಕೂತ. ಕೃಷ್ಣಾತನ ಸ್ವರ ಗುಡ್ಡ ಹತ್ತಿ, ಹಳ್ಳ ಇಳಿದು, ಕೊಟ್ಟ ಮಾತಿನಂತೆ ಕೂಗಿಲ್ಲದೆ ನಿಂತುಬಿಟ್ಟಿತು. ಸಿದ್ದರಾಯ ಚಡಪಡಿಸಿದ.

"ಏ, ಹೊರಗ ಬಿಟ್ಟಿಯಲ್ಲೋ ಎಲ್ಲಾನೂ!" ಎಂದು ಎದ್ದು ನಿಂತು, ಬಾಯಿಗೆ ಕೈ ಹಿಡಿದು ಕೂಗಿಯೇಬಿಟ್ಟ: ಎರಡು ಗಿಡ್ಡ, ಒಂದು ಉದ್ದ.

ಮಂದಿ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಜಿನಪಾಲರು ಮಾತ್ರ ಎದ್ದು ಹೋಗಿ ಬಾಗಿಲಿಗೆ ಅಗುಳಿ ಹಾಕಿ ಬಂದರು.